ಅಮ್ಮನ ನೀರು, ಸುಜಾತಾಳ ದೀಪ

ನೀರಿಗೆ ದೀಪ ತೋರಿಸಿ ಕುಡಿಯುವವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ಈಚಿನವರೆಗೆ ನೋಡಿರಲಿಲ್ಲ. ದೇವರಿಗೆ ದೀಪ ತೋರಿಸುವುದು ಗೊತ್ತು. ಮಂಚದ ಕೆಳಗೆ ಉರುಳಿದ ಓಲೆಯ ತಿರುಪನ್ನು ದೀಪ ಹಿಡಿದು ಹುಡುಕುವುದೂ ಗೊತ್ತು. ನೀರಿಗೇಕೆ ದೀಪ? ಆದರೆ ಈಗ ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ, ಲಟ್ಟಣಿಗೆ ಮತ್ತು ಯಾವ ಡಬ್ಬಿಗೂ ಹೊಂದದ ಮುಚ್ಚಳಗಳ ನಡುವೆ, ದಪ್ಪ ಪೆನ್ನಿನಂಥ ಒಂದು ದೀಪ ಮಲಗಿದೆ. ಮನೆಗೆ ಬಂದವರು ಟಾರ್ಚೆಂದು ತಿಳಿದು ಅದರ ಗುಂಡಿ ಒತ್ತುತ್ತಾರೆ. ಹತ್ತುವುದಿಲ್ಲ. ಬ್ಯಾಟರಿ ಹೋಗಿದೆ ಎಂದು ನನಗೆ ಉಪದೇಶ ಮಾಡುತ್ತಾರೆ. ಬೇರೆ ದೀಪಗಳು ನೀರಿಗೆ ಬಿದ್ದರೆ ಆರುತ್ತವೆ. ಇದು ನೀರಿಗೆ ಇಳಿದರೆ ಮಾತ್ರ ಹತ್ತುತ್ತದೆ. ಈ ಒಂದು ಗುಣಕ್ಕೇ ನಾನು ಅದಕ್ಕೆ ಮರುಳಾದದ್ದು.

ಇದರ ಬೆಳಕಿಗೆ ಪುಸ್ತಕದಲ್ಲಿ ನೇರಳಾತೀತ ಕಿರಣ ಎನ್ನುತ್ತಾರೆ. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವವಳು. ನನಗೆ ಕಿರಣಕ್ಕಿಂತ ಮೊದಲು ಪದ ಕಾಣಿಸುತ್ತದೆ. ನೇರಳೆಯನ್ನು ಮೀರಿದ್ದು. ಹಾಗಾದರೆ ನೇರಳೆ ಮುಗಿದ ಮೇಲೆ ಏನಿದೆ? ಬುಕ್ಕಸಾಗರದಲ್ಲಿ ನಮ್ಮ ಗದ್ದೆಯ ಅಂಚಿನ ಕಾಲುವೆಯ ದಂಡೆಗೆ ಒಂದು ನೇರಳೆ ಮರವಿತ್ತು. ಹಣ್ಣು ಉದುರುವ ದಿನಗಳಲ್ಲಿ ನಾನೂ ನನ್ನ ತಮ್ಮ ಬಸುವೂ ನಾಲಗೆ ಕಪ್ಪಾಗುವವರೆಗೆ ತಿಂದು, ಯಾರ ನಾಲಗೆ ಹೆಚ್ಚು ಕಪ್ಪೆಂದು ಪಂದ್ಯ ಕಟ್ಟುತ್ತಿದ್ದೆವು. ಗಂಟಲು ಒಗರಾಗಿ ಬಾಯಾರಿದರೆ ಅಲ್ಲೇ ಬಗ್ಗಿ ಕಾಲುವೆಯ ನೀರು. ಎಮ್ಮೆ ಒಂದು ಕಡೆ, ನಾವು ಒಂದು ಕಡೆ. ಎಮ್ಮೆಗೆ ಏನೂ ಆಗಲಿಲ್ಲ. ಬಸುವಿಗೆ ಟೈಫಾಯಿಡ್ ಆಯಿತು.

ಅವನು ಉಳಿದ. ಈಗ ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟುಕೊಂಡು ನನಗಿಂತ ದಪ್ಪಗಿದ್ದಾನೆ. ಆದರೆ ಅವನು ಹಾಸಿಗೆಯಲ್ಲಿ ಬಡಿಗೆಯಂತೆ ಒಣಗಿ ಮಲಗಿದ್ದ ಆ ದಿನಗಳಲ್ಲಿ ಅಮ್ಮನ ಒಳಗೆ ಏನೋ ಒಂದು ಗಟ್ಟಿಯಾಗಿಬಿಟ್ಟಿತು. ಡಾಕ್ಟರು ನೀರು ಕಾಯಿಸಿ ಕುಡಿಸಿರಿ ಎಂದರು; ಅಮ್ಮ ಅದನ್ನು ಬಸುವಿಗೆ ಮಾತ್ರ ಹೇಳಿದ್ದೆಂದು ತಿಳಿಯಲಿಲ್ಲ, ಆ ವಾರಕ್ಕೆ ಮಾತ್ರ ಹೇಳಿದ್ದೆಂದೂ ತಿಳಿಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಕಾಯಿಸದ ನೀರು ಯಾರ ಗಂಟಲಿಗೂ ಇಳಿಯಲಿಲ್ಲ. ಹೊಗೆಯ ವಾಸನೆಯ, ಉಗುರುಬೆಚ್ಚಗಿನ ಆ ನೀರು ಕುಡಿದು ಬೆಳೆದವಳು ನಾನು. ತಣ್ಣೀರು ಎಂಬ ಪದದ ಅರ್ಥ ನನಗೆ ತಿಳಿದದ್ದು ಹಾಸ್ಟೆಲಿಗೆ ಹೋದ ಮೇಲೆ.

ಅಮ್ಮ ಮನೆಯಿಂದ ಹೊರಬಿದ್ದರೆ ಜೊತೆಗೆ ಸ್ಟೀಲಿನ ತಿರುಪಿನ ಡಬ್ಬಿ. ಕಂಪ್ಲಿಯ ಮದುವೆಗೆ ಹೋಗಲಿ, ಹಂಪಿಗೆ ಹೋಗಲಿ, ಅದರ ನೀರೇ. ಊಟಕ್ಕೆ ಕೂತಾಗ ಎಲೆಯ ಪಕ್ಕ ಡಬ್ಬಿ ಇಟ್ಟುಕೊಂಡು, ನೀರು ಬಡಿಸುವವರು ಬಂದರೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ನೋಡಿದವರು ತಮತಮಗೆ ತೋಚಿದಂತೆ ಹೇಳುತ್ತಿದ್ದರು. "ಭಾಳ ಮಡಿ ರಿ ನಮ್ಮ ಗೌರಕ್ಕ" ಎಂದು ಕೆಲವರು ಹೊಗಳಿದರೆ, "ಭಾಳ ಧಿಮಾಕು" ಎಂದು ಕೆಲವರು ಮೂಗು ಮುರಿಯುತ್ತಿದ್ದರು. ನನಗೆ ಮಾತ್ರ ಚಿಕ್ಕಂದಿನಿಂದ ಒಂದೇ ಕುತೂಹಲ. ಇದು ಟೈಫಾಯಿಡ್ಡಿನ ಭಯವೋ, ಅಥವಾ ಅದರ ಹಿಂದೆ ಇನ್ನೇನಾದರೂ ಉಂಟೋ?

ಇನ್ನೇನಾದರೂ ಎಂದು ಅನುಮಾನಿಸಲು ಕಾರಣವಿತ್ತು. ನಮ್ಮ ಅಜ್ಜಿ, ಎಂದರೆ ಅಮ್ಮನ ಅತ್ತೆ, ಇದ್ದ ಕಾಲದಲ್ಲಿ ನಾಟಿಗೆ ಬಂದ ಹೆಣ್ಣಾಳುಗಳು ಬಾಯಾರಿದರೆ ಹಿತ್ತಲ ಕಟ್ಟೆಯ ಕೆಳಗೆ ಬಗ್ಗಿ ನಿಲ್ಲುತ್ತಿದ್ದರು. ಅಜ್ಜಿ ಮೇಲಿನಿಂದ ಚೆಂಬು ಬಗ್ಗಿಸುತ್ತಿದ್ದಳು. ಅವರು ಬೊಗಸೆಯಲ್ಲಿ ಹಿಡಿದು ಗಟಗಟ ಕುಡಿಯುವುದು, ನೀರು ಮೊಣಕೈಯಿಂದ ಇಳಿದು ಬಳೆಗಳನ್ನು ತೋಯಿಸುವುದು, ಇವೆಲ್ಲ ನನಗೆ ದೊಡ್ಡ ಆಟದಂತೆ ಕಾಣುತ್ತಿತ್ತು. ಒಂದು ದಿನ ನಾನೂ ಅವರ ಸಾಲಿನಲ್ಲಿ ಹೋಗಿ ಬೊಗಸೆ ಒಡ್ಡಿ ನಿಂತು, "ಅಜ್ಜೀ, ನನಗೂ ಹಂಗ ಹುಯ್ಯಿ" ಎಂದೆ. ಅಜ್ಜಿ ಹುಯ್ಯಲಿಲ್ಲ. ಕಟ್ಟೆಯಿಂದ ಇಳಿದು ಬಂದು ಕೆನ್ನೆಗೆ ಬಿಟ್ಟಳು. ಯಾಕೆಂದು ತಿಳಿಯದೆ ಅಮ್ಮನ ಮುಖ ನೋಡಿದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ಒಳಗೆ ಹೋದಳು. ಆ ಪೆಟ್ಟಿನ ಅರ್ಥ ತಿಳಿಯಲು ನನಗೆ ವರ್ಷಗಳೇ ಹಿಡಿದವು. ಅಮ್ಮ ಒಳಗೆ ಹೋದದ್ದರ ಅರ್ಥ ಮಾತ್ರ ತಿಳಿಯದೇ ಉಳಿಯಿತು.

ಸುಜಾತಾ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಅವಳ ತಂದೆಯ ಕಾಲದಲ್ಲಿ ಅವರ ಮನೆಯವರು ಬೌದ್ಧರಾದರು. ಅದಕ್ಕೆ ಮೊದಲು ಅವರ ಮನೆಯ ಹೆಂಗಸರೂ ಯಾರದೋ ಹಿತ್ತಲ ಕಟ್ಟೆಯ ಕೆಳಗೆ ಬಗ್ಗಿ ನಿಂತವರೇ. ಇದನ್ನು ಅವಳು ಒಮ್ಮೆ ಹೇಳಿದ್ದಳು, ಹವಾಮಾನದ ಬಗ್ಗೆ ಹೇಳುವಷ್ಟು ಸರಾಗವಾಗಿ. ಅವಳಿಗೆ ಕಾಡು ಸುತ್ತುವ ಹುಚ್ಚು. ರಜೆ ಬಂದರೆ ಬೆನ್ನಿಗೊಂದು ಚೀಲ ಹಾಕಿ ಸಂಡೂರಿನ ಗುಡ್ಡಗಳಿಗೆ ಹೋಗಿಬಿಡುತ್ತಾಳೆ. ಅಲ್ಲಿ ಕುಡಿಯಲೆಂದು ನೀರು ಹೊರುವುದಿಲ್ಲ, ಇಂಥದೇ ದೀಪ ಒಯ್ಯುತ್ತಾಳೆ; ನಮ್ಮ ಡ್ರಾಯರಿನದು ಆಮೇಲೆ ಅವಳದನ್ನು ನೋಡಿ ತರಿಸಿದ್ದು. ಹಳ್ಳದ ನೀರನ್ನು ಬಾಟಲಿಗೆ ತುಂಬಿ, ದೀಪ ಮುಳುಗಿಸಿ, ಹಾಡಿನ ಒಂದು ಪಲ್ಲವಿ ಮುಗಿಯುವಷ್ಟು ಹೊತ್ತು ಕಲಕಿದರೆ ಆಯಿತು.

ನಾನೂ ಅಮ್ಮನೂ ಇರುವ ಹೊಸಪೇಟೆಯ ಮನೆಗೆ ಅವಳು ಬಂದು ಹೋಗುವುದು ಬಹಳ. ಅಮ್ಮ ಅವಳಿಗೆ ಕಾಯಿಸಿದ ನೀರು ಕೊಡುತ್ತಾಳೆ, ನಮ್ಮದೇ ಲೋಟದಲ್ಲಿ. ಇಬ್ಬರೂ ನನ್ನ ಅಡುಗೆಯನ್ನು ಆಡಿಕೊಂಡು ನಗುತ್ತಾರೆ. ಹೀಗಿರುವಾಗ ಸುಜಾತಾ ಪಾಪಿನಾಯಕನಹಳ್ಳಿಯಲ್ಲಿ ತಾಯಿಗೆಂದು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದಳು. ಗೃಹಪ್ರವೇಶಕ್ಕೆ ಅಮ್ಮನೂ ಬಂದಳು. ಹೋಳಿಗೆ ಉಂಡಳು, ಕೇಳಿ ಎರಡನೆಯದನ್ನೂ ಹಾಕಿಸಿಕೊಂಡಳು. ಸುಜಾತಾಳ ತಾಯಿ ಹುಲಿಗೆಮ್ಮ ಅಮ್ಮನ ಅಭ್ಯಾಸವನ್ನು ಮಗಳಿಂದ ಕೇಳಿ ತಿಳಿದಿದ್ದರು. ತಾವೇ ಲೋಟ ಹಿಡಿದು ಬಂದು, "ಕಾಯಿಸಿ ಆರಿಸೀನ್ರಿ, ನಿಮಗಂತನ ಬ್ಯಾರೆ ಇಟ್ಟಿದ್ದೆ. ಕುಡೀರಿ" ಎಂದರು. ಅಮ್ಮ ಚೀಲದಿಂದ ಡಬ್ಬಿ ತೆಗೆದು, "ಇರ್ಲಿ ಬಿಡ್ರಿ, ನಂದೈತಿ" ಎಂದಳು. ಹುಲಿಗೆಮ್ಮ ಲೋಟವನ್ನು ವಾಪಸು ಒಯ್ದರು. ಸುಜಾತಾ ಬಾಳೆ ಎಲೆ ಎತ್ತುತ್ತಿದ್ದಳು. ನೋಡಿದಳು. ಮರುವಾರ ನಮ್ಮ ಮನೆಗೆ ಎಂದಿನಂತೆಯೇ ಬಂದಳು, ಆದರೆ ಅಮ್ಮ ನೀರು ಕೊಟ್ಟಾಗ ಬಾಯಾರಿಕೆ ಇಲ್ಲವೆಂದಳು. ಆಮೇಲೆಯೂ ಅವಳಿಗೆ ನಮ್ಮ ಮನೆಯಲ್ಲಿ ಬಾಯಾರಿಕೆಯಾದದ್ದು ನನಗೆ ನೆನಪಿಲ್ಲ.

ಹೋದ ಮಳೆಗಾಲ ಮುಗಿಯುತ್ತಿದ್ದಂತೆ ಅಮ್ಮ ಒಮ್ಮೆಲೇ ಸಂಡೂರಿನ ಗುಡ್ಡ ನೋಡಬೇಕೆಂದಳು. ಟೀವಿಯಲ್ಲಿ ಯಾರೋ ಹಸಿರು ತೋರಿಸಿದ್ದರಂತೆ. "ಎಪ್ಪತ್ತು ದಾಟೇತಿ, ಇನ್ನ ಯಾವಾಗ ನೋಡ್ಲಿ? ಸುಜಾತಾಗ ಹೇಳು, ಕರಕೊಂಡು ಹೋಗಲಿ." ನಾನು ಅಳುಕುತ್ತ ಹೇಳಿದೆ. ಸುಜಾತಾ ತಕ್ಷಣ ಒಪ್ಪಿದಳು. "ಬರ್ಲಿ. ಮೊಣಕಾಲಿಗೆ ತ್ರಾಸಾಗದ ದಾರಿ ಹಿಡೀತೀನಿ."

ಅವಳ ಕಾರಿನಲ್ಲಿ ಹೋಗಿ, ಕಾರು ನಿಂತಲ್ಲಿಂದ ಕಾಲುದಾರಿ ಹಿಡಿದೆವು. ಎರಡೂ ಕಡೆ ಸೊಂಟದೆತ್ತರದ ಹುಲ್ಲು, ಅದರ ಬುಡಕ್ಕೆ ರಕ್ತದಂಥ ಕೆಂಪು ಮಣ್ಣು. ಅಮ್ಮ ಪ್ರತಿ ಗಿಡಕ್ಕೂ ಹೆಸರು ಕೇಳಿದಳು; ಸುಜಾತಾ ಗೊತ್ತಿದ್ದದ್ದಕ್ಕೆ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ನಾನು ಹಿಂದೆ ಏದುಸಿರು ಬಿಡುತ್ತ, ಅಮ್ಮ, ನಾನು, ಇಬ್ಬರಲ್ಲಿ ಯಾರಿಗೆ ಎಪ್ಪತ್ತು ದಾಟಿದೆ ಎಂದು ಲೆಕ್ಕ ಹಾಕುತ್ತಿದ್ದೆ.

ಒಂದು ಕಡೆ ಕಲ್ಲು ಹತ್ತುವಾಗ ಅಮ್ಮನ ಚೀಲ ಹೆಗಲಿಂದ ಜಾರಿತು. ಡಬ್ಬಿ ಹೊರಬಿದ್ದು, ಟಣ್ ಟಣ್ ಎಂದು ಕಲ್ಲಿನಿಂದ ಕಲ್ಲಿಗೆ ಬಡಿಯುತ್ತ, ಮುಚ್ಚಳ ಕಳಚಿ ಇಳಿಜಾರಿನ ಹುಲ್ಲಿನೊಳಗೆ ಮಾಯವಾಯಿತು. ಮೂವರೂ ಅದು ಹೋದ ದಾರಿ ನೋಡುತ್ತ ನಿಂತೆವು. "ಹೋತು" ಎಂದಳು ಅಮ್ಮ. ವಾಪಸು ಹೋಗೋಣವೆಂದರೆ ಕೇಳಲಿಲ್ಲ. ಇನ್ನು ಸ್ವಲ್ಪವೇ ಅಲ್ಲವೇ ಎಂದಳು. ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು. ಇನ್ನೊಂದು ಏರು ಮುಗಿಯುವಷ್ಟರಲ್ಲಿ ಅಮ್ಮ ಮಾತು ನಿಲ್ಲಿಸಿದಳು. ಅಮ್ಮ ಮಾತು ನಿಲ್ಲಿಸಿದರೆ ನಾವು ಹೆದರಬೇಕು. ನೋಡಿದರೆ ಹಣೆಯಲ್ಲಿ ಬೆವರಿಲ್ಲ, ತುಟಿ ಬಿಳಿಚಿಕೊಂಡಿದೆ. ಒಂದು ಬಂಡೆಯ ನೆರಳಲ್ಲಿ ಕೂತವಳು, "ಕಣ್ಣು ಕತ್ತಲಿ ಬಂದಂಗ ಆಗತೈತಿ" ಎಂದಳು.

ಸುಜಾತಾ ಚೀಲ ಕೆಳಗಿಟ್ಟು ಬಾಟಲಿ ಹಿಡಿದು ಕೆಳಗಿನ ಹಳ್ಳಕ್ಕೆ ಇಳಿದಳು. ತಂದ ನೀರು ಚಹದಂತೆ ಕೆಂಪಗಿತ್ತು. ನಾನು ಆತುರದಲ್ಲಿ, "ದೀಪ ಹಾಕು, ಜಲ್ದಿ ಹಾಕು" ಎಂದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದಳು. "ಈ ರಾಡಿಯೊಳಗ ಬೆಳಕು ದಾಟಂಗಿಲ್ಲ. ಒಂದೊಂದು ಮಣ್ಣಿನ ಕಣದ ಹಿಂದ ಕ್ರಿಮಿ ಅಡಗಿ ಕುಂದಿರ್ತಾವ. ಕಬ್ಬಿಣದ ಕೆಂಪಿಗೂ ಇದು ಏನೂ ಮಾಡಂಗಿಲ್ಲ." ಅದನ್ನು ಚೆಲ್ಲಿ, ಈ ಸಲ ಬಂಡೆಯ ಮೇಲ್ಮಗ್ಗುಲಿಗೆ ಹತ್ತಿದಳು. ಅಲ್ಲಿ ಬಿರುಕಿನಿಂದ ನೀರು ಒಸರುವ ಜಾಗ ಅವಳಿಗೆ ಗೊತ್ತಿತ್ತಂತೆ. ಅವಳು ಬರುವವರೆಗೆ ನಾನು ಅಮ್ಮನಿಗೆ ಸೆರಗಿನಿಂದ ಗಾಳಿ ಬೀಸುತ್ತಿದ್ದೆ. ಬೀಸುತ್ತ ಬೀಸುತ್ತ, ಇವಳು ಆ ನೀರು ಕುಡಿಯದಿದ್ದರೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೆ.

ಬಂದ ನೀರು ಗಾಜಿನಂತಿತ್ತು. ಸುಜಾತಾ ದೀಪ ಮುಳುಗಿಸಿದಳು. ಬಾಟಲಿಯ ತುಂಬ ತಿಳಿ ನೀಲಿ ಬೆಳಕು ಅರಳಿತು. ಅಮ್ಮನ ಕಣ್ಣು ಅರ್ಧ ಮುಚ್ಚಿದ್ದದ್ದು ಪೂರ್ತಿ ತೆರೆಯಿತು.

"ಏನವಾ ಇದು, ನೀಲಿ ದೀಪ?"

"ಈ ನೀಲಿ ಬರೇ ನಮಗ ಗೊತ್ತಾಗಲಿ ಅಂತ ಅಮ್ಮಾ. ಕೆಲಸ ಮಾಡೋ ಬೆಳಕು ಕಣ್ಣಿಗೆ ಕಾಣಂಗಿಲ್ಲ."

"ಕಾಣದ ಬೆಳಕು ಕಾಣದ ಹುಳಾ ಕೊಲ್ತೈತಿ. ನಾನು ಕಂಡಂಗ ನಂಬಬೇಕು." ದನಿ ಸಣ್ಣಗಿತ್ತು, ಆದರೆ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ. "ಸತ್ತ ಹುಳಾ ಎಲ್ಲಿ ಹೋಗ್ತಾವ? ನೀರಾಗ ಇರ್ತಾವಲ್ಲ?"

"ಕಾಯಿಸಿದಾಗ ಎಲ್ಲಿ ಹೋಗ್ತಾವ? ಅವೂ ನೀರಾಗ ಇರ್ತಾವ."

ಅಮ್ಮ ಇದನ್ನು ಎಂದೂ ಯೋಚಿಸಿರಲಿಲ್ಲವೆಂದು ಮುಖದಲ್ಲೇ ಕಂಡಿತು. ಇಷ್ಟು ವರ್ಷ ನಮ್ಮೆಲ್ಲರಿಗೂ ಕುಡಿಸಿದ್ದೇನೆಂದು ಲೆಕ್ಕ ಹಾಕುವವಳಂತೆ ನನ್ನ ಕಡೆ ನೋಡಿದಳು.

"ಇದರಾಗ ಪೂರ್ತಿ ಸಾಯಂಗೂ ಇಲ್ಲ" ಎಂದು ಸುಜಾತಾ ಕಲಕುತ್ತ ಮುಂದುವರಿಸಿದಳು. "ಬೆಳಕು ಬಿದ್ದ ಮ್ಯಾಲ ಅವಕ್ಕ ಮರಿ ಹಾಕಾಕ ಬರಂಗಿಲ್ಲ. ಹೊಟ್ಟಿಯೊಳಗ ಹೋಗಿ ಹೆಚ್ಚಾದ್ರಲ್ಲ ಜಡ್ಡು ಬರೋದು? ಇವು ಹೋಗಿ ಸುಮ್ನ ಕುಂದಿರ್ತಾವ, ಆಮ್ಯಾಲ ಹೊರಗ ಹೋಗ್ತಾವ."

"ಪಾಪ" ಎಂದಳು ಅಮ್ಮ.

ಬೆಳಕು ತಾನಾಗಿ ಆರಿತು. ಸುಜಾತಾ ದೀಪ ಹೊರತೆಗೆದು, ಒಗೆದ ಕರವಸ್ತ್ರದಿಂದ ಬಾಟಲಿಯ ಬಾಯಿಯನ್ನು ಸುತ್ತಲೂ ಒರೆಸಿದಳು. ಅಲ್ಲಿ ನಿಂತ ಹನಿಗಳಿಗೆ ಬೆಳಕು ಮುಟ್ಟಿರುವುದಿಲ್ಲವಂತೆ. ಬಾಟಲಿಯನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಹಿಡಿದುಕೊಂಡಳು. ಹಿಡಿದುಕೊಂಡೇ ಕೂತಳು. ತುಟಿಯ ಹತ್ತಿರಕ್ಕೂ ಒಯ್ಯಲಿಲ್ಲ, ಕೆಳಗೂ ಇಡಲಿಲ್ಲ.

"ಕುಡಿಯಮ್ಮ" ಎಂದೆ. ನನ್ನ ದನಿ ಬಿರುಸಾಗಿತ್ತೋ ಏನೋ, ಸುಜಾತಾ ನನಗೆ ಕೈ ಮಾಡಿ ಸುಮ್ಮನಿರೆಂದಳು. ಅಮ್ಮನ ಎದುರಿಗೆ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅನುಮಾನ ನೀರಿಂದಾ, ನಂದಾ?"

ನನಗೆ ಎಲ್ಲಾದರೂ ಓಡಿಹೋಗಬೇಕೆನಿಸಿತು. ಚಿಕ್ಕಂದಿನಿಂದ ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದೇ. ಆದರೆ ಕೇಳಿದವಳು ಅವಳು, ಅದೂ ಅಮ್ಮನಿಗೆ ತಲೆ ತಿರುಗುತ್ತಿರುವಾಗ. ಅಮ್ಮ ಬಾಟಲಿಯನ್ನೇ ನೋಡುತ್ತಿದ್ದಳು. ಇಲ್ಲ ಎನ್ನುತ್ತಾಳೆ ಎಂದುಕೊಂಡೆ. ಏನವಾ ಹಿಂಗಂತಿ, ನೀ ನನ್ನ ಮಗಳಿದ್ದಂಗ ಎನ್ನುತ್ತಾಳೆ ಎಂದುಕೊಂಡೆ.

"ಎರಡೂ ಐತಿ" ಎಂದಳು ಅಮ್ಮ. "ಬಸ್ಯಾಗ ಜಡ್ಡಾದಾಗ ನೀರಿನ ಅಂಜಿಕಿ ಹೊಕ್ಕಿದ್ದು ಖರೇನ. ಆದ್ರ ನಮ್ಮತ್ತಿ ಕಲಿಸಿದ್ದೂ ಒಳಗ ಇತ್ತು. ಎರಡೂ ಕೂಡಿಬಿಟ್ಟವು. ಅಂಜಿಕಿ ಅಂದ್ರ ಯಾರೂ ಬೈಯಂಗಿಲ್ಲಲ್ಲ, ಅದನ್ನ ಹೇಳ್ಕೊಂತ ಬಂದೆ. ಯಾವುದು ಎಷ್ಟೈತಿ ಅಂತ ನನಗೂ ಗೊತ್ತಿಲ್ಲ ಸುಜಾತಾ."

ಗಾಳಿಗೆ ಹುಲ್ಲು ಒಂದೇ ಕಡೆಗೆ ಬಾಗಿ ಎದ್ದಿತು. ಸುಜಾತಾಳ ಮುಖದಲ್ಲಿ ಸಿಟ್ಟೋ ನೋವೋ, ನನಗೆ ಓದಲಾಗಲಿಲ್ಲ.

"ನೀರಿಂದು ನಾನು ನೋಡ್ಕೊಂಡೀನಿ" ಎಂದಳು ಆಮೇಲೆ. "ಇನ್ನೊಂದು ನೀವು ನೋಡ್ಕೊರಿ. ಅದಕ್ಕ ನನ್ನ ಕಡೆ ದೀಪ ಇಲ್ಲ."

ಅಮ್ಮ ಅವಳ ಮುಖವನ್ನೊಮ್ಮೆ ನೋಡಿ, ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಎತ್ತಿ ಸುರಿದುಕೊಳ್ಳಲು ಕೈಯಲ್ಲಿ ಬಲವಿರಲಿಲ್ಲ. ತುಟಿಗೆ ಹಚ್ಚಿಯೇ ಕುಡಿದಳು. ಅಮ್ಮ ಹಾಗೆ ಕುಡಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿದವಳಲ್ಲ. ಮೊದಲು ಒಂದು ಗುಟುಕು, ಆಮೇಲೆ ಮಕ್ಕಳು ಕುಡಿಯುವ ಹಾಗೆ, ಉಸಿರು ಕಟ್ಟಿ. ನಿಲ್ಲಿಸಿ, "ತಣ್ಣಗೈತಿ" ಎಂದು ಆಶ್ಚರ್ಯಪಟ್ಟಳು. ಮತ್ತೆ ಕುಡಿದಳು. ಸುಜಾತಾ ಚೀಲದಿಂದ ಉಪ್ಪು ಸಕ್ಕರೆಯ ಪುಡಿ ತೆಗೆದು ಉಳಿದ ನೀರಿಗೆ ಬೆರೆಸಿ, ಅದನ್ನೂ ಸ್ವಲ್ಪಸ್ವಲ್ಪವಾಗಿ ಕುಡಿಸಿದಳು. ನೆರಳು ಜರುಗುವಷ್ಟು ಹೊತ್ತು ಅಲ್ಲೇ ಕೂತೆವು. ಅಮ್ಮನ ಹಣೆಯಲ್ಲಿ ಬೆವರು ಮೂಡಿತು. ಅದನ್ನು ಕಂಡು ನಾನು ಅತ್ತುಬಿಟ್ಟೆ. ಅಮ್ಮ, "ಬೆವತ್ರ ಅಳೋರನ್ನ ನಾ ನೋಡಿದ್ದಿಲ್ಲ" ಎಂದಳು.

ಇಳಿಯುವಾಗ ಅಮ್ಮ ಸುಜಾತಾಳ ಹೆಗಲು ಹಿಡಿದಿದ್ದಳು. ಕಾರು ತೋರಣಗಲ್ಲಿನ ಕಡೆಯಿಂದ ಹೆದ್ದಾರಿ ಹಿಡಿದು ಪಾಪಿನಾಯಕನಹಳ್ಳಿ ಹತ್ತಿರ ಬಂದಾಗ, ನಿದ್ದೆ ಮಾಡಿದ್ದಾಳೆಂದುಕೊಂಡಿದ್ದ ಅಮ್ಮ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಿಂದ, "ಇಲ್ಲಿ ನಿಂದ್ರಸವಾ. ನಿಮ್ಮವ್ವನ್ನ ಮಾತಾಡಿಸಿಕೊಂಡು ಹೋಗೂಣು" ಎಂದಳು. ಸುಜಾತಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಹೊರಗಿನ ಜೋಳದ ಹೊಲ ನೋಡಿದೆ.

ಹುಲಿಗೆಮ್ಮ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಎದ್ದು ಕುರ್ಚಿ ತಂದು ಹಾಕಿದರು. ಬಿಸಿಲಿನಲ್ಲಿ ಹೋಗಿದ್ದಕ್ಕೆ ಮಗಳನ್ನು ಬೈದರು. ಮಳೆಯ ಬಗ್ಗೆ, ಬೆಳೆಯ ಬಗ್ಗೆ ಮಾತಾಡಿದರು. ಮೊರ ತುಂಬ ಶೇಂಗಾ ತಂದು ನಮ್ಮ ಮುಂದಿಟ್ಟರು. ನೀರು ಮಾತ್ರ ತರಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದೇ ನೀರು. ಅವರು ಮರೆತಿರಲು ಸಾಧ್ಯವಿರಲಿಲ್ಲ. ಶೇಂಗಾ ಒಡೆಯುವ ಸಪ್ಪಳವೊಂದೇ.

"ಕುಡಿಯಾಕ ನೀರು ಕೊಡ್ರಿ" ಎಂದಳು ಅಮ್ಮ.

ಹುಲಿಗೆಮ್ಮ ತಲೆ ಎತ್ತಲಿಲ್ಲ. "ನೀವು ಹೊರಗ ಕುಡಿಯಂಗಿಲ್ಲಲ್ರಿ. ಯಾಕ, ಇವತ್ತು ತಂದಿಲ್ಲೇನು?"

"ತಂದಿದ್ದೆ. ಗುಡ್ಡದಾಗ ಚೆಲ್ಲಿ ಹೋತು."

"ಓಹೋ. ಚೆಲ್ಲಿದ್ದಕ್ಕ ಕೇಳ್ತೀರಿ."

"ಹೂಂರಿ" ಎಂದಳು ಅಮ್ಮ. "ಚೆಲ್ಲಿದ್ದಕ್ಕ ಕೇಳಾಕತ್ತೀನಿ. ಚೆಲ್ಲದಿದ್ರ ಕೇಳ್ತಿದ್ದಿಲ್ಲ. ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ?"

ಹುಲಿಗೆಮ್ಮ ಆಗ ತಲೆ ಎತ್ತಿ ಅಮ್ಮನನ್ನು ದಿಟ್ಟಿಸಿದರು. ಆಮೇಲೆ ಮಡಿಲ ಸಿಪ್ಪೆ ಕೊಡವಿ, ಮೊಣಕಾಲಿಗೆ ಕೈ ಊರಿ ಎದ್ದು, ಒಳಗೆ ಹೋದರು. ಬರಲು ತಡ ಮಾಡಿದರು. ಬಂದಾಗ ಕೈಯಲ್ಲಿ ಫಳಫಳ ತೊಳೆದ ಚೆಂಬು, ಲೋಟ. ಕಾಯಿಸಿದ್ದೆಂದು ಹೇಳಲಿಲ್ಲ, ಕಾಯಿಸದ್ದೆಂದೂ ಹೇಳಲಿಲ್ಲ. ಅಮ್ಮ ಕೇಳಲಿಲ್ಲ. ಹುಲಿಗೆಮ್ಮ ಲೋಟ ತುಂಬಿ ಕೊಟ್ಟು, ಅಮ್ಮ ಕುಡಿದು ಮುಗಿಸುವವರೆಗೆ ಎದುರಿಗೇ ನಿಂತು ನೋಡಿದರು. ಲೋಟ ಖಾಲಿಯಾಯಿತು. ಇನ್ನೊಮ್ಮೆ ತುಂಬಿದರು. ಅಮ್ಮ ಅದನ್ನೂ ಕುಡಿದಳು.

ಹುಲಿಗೆಮ್ಮ ಖಾಲಿ ಲೋಟ ಇಸಿದುಕೊಂಡರು.

"ಕುಂದ್ರಿ" ಎಂದರು. "ಚಾ ಇಡ್ತೀನಿ."